ಅಕೌಂಟ್ ಹೋದರೂ ಮೇಲ್ ಉಳಿಯಬೇಕು ಅಂದರೆ

ಮೇಲ್ ಕಂಪನಿಯ ಸರ್ವರ್ ಕೆಟ್ಟು ನನ್ನ ಹಳೇ ಮೇಲ್‌ಗಳೆಲ್ಲ ಮಾಯವಾಗಿಬಿಡುತ್ತವೆ ಅನ್ನುವ ಭಯ ನನಗಿಲ್ಲ. ಕಾಪಿ ಮಾಡಿಡುವ ಕೆಲಸದಲ್ಲಿ ಅವರು ನಮಗಿಂತ ಎಷ್ಟೋ ಮುಂದಿದ್ದಾರೆ. 2011ರ ಫೆಬ್ರವರಿ ಕೊನೆಯಲ್ಲಿ ಒಂದು ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿದ್ದ ದೋಷದಿಂದ ಕೆಲವು ಜಿಮೇಲ್ ಬಳಕೆದಾರರ ಇನ್‌ಬಾಕ್ಸ್ ಪೂರ್ತಿ ಖಾಲಿಯಾಗಿತ್ತು. ಗೂಗಲ್ ಒಂದೇ ಮೇಲ್‌ನ ಹಲವು ಕಾಪಿಗಳನ್ನು ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿ ಇಟ್ಟಿರುತ್ತದೆ, ಆದರೆ ಆ ದೋಷ ಆ ಕಾಪಿಗಳಿಗೂ ತಗುಲಿತ್ತು. ಕೊನೆಗೆ ಕೈಹಿಡಿದದ್ದು ಟೇಪ್. ಹೌದು, ಹಳೇ ಕಾಲದ ಮ್ಯಾಗ್ನೆಟಿಕ್ ಟೇಪ್. ಅದು ಆನ್‌ಲೈನ್ ಇರಲಿಲ್ಲ, ಹಾಗಾಗಿ ದೋಷ ಅಲ್ಲಿವರೆಗೆ ತಲುಪಲಿಲ್ಲ. ಟೇಪ್‌ನಿಂದ ಮೇಲ್‌ಗಳನ್ನು ವಾಪಸ್ ತುಂಬಲು ಸ್ವಲ್ಪ ಸಮಯ ಹಿಡಿಯಿತು, ಅಷ್ಟೇ.

ನನ್ನ ಭಯ ಬೇರೆ. ಮೇಲ್‌ಗಳೆಲ್ಲ ಅಲ್ಲೇ ಇರುತ್ತವೆ, ಹತ್ತು ಕಡೆ ಕಾಪಿಯಾಗಿ ಭದ್ರವಾಗಿ ಇರುತ್ತವೆ, ಒಳಗೆ ಹೋಗಲು ನನಗೆ ಮಾತ್ರ ಆಗುವುದಿಲ್ಲ. ಆ ಟೇಪ್ ಕಂಪನಿಗೋಸ್ಕರ ಇರುವುದು, ನಮಗೋಸ್ಕರ ಅಲ್ಲ. ಅಕೌಂಟ್ ಕೈತಪ್ಪಿದವರು ಯಾರೂ ಕಂಪನಿಗೆ ಫೋನ್ ಮಾಡಿ "ಸ್ವಲ್ಪ ನನ್ನ ಟೇಪ್ ಕೊಡಿ" ಅನ್ನಲು ಆಗಲ್ಲ, ಅಲ್ವಾ?

ಕೈತಪ್ಪುವ ದಾರಿಗಳೇನು ಕಡಿಮೆಯಿಲ್ಲ. ಯಾರೋ ಪಾಸ್‌ವರ್ಡ್ ಕದ್ದು ಒಳಗೆ ಹೋಗಿ ರಿಕವರಿ ನಂಬರ್ ಬದಲಾಯಿಸಿಬಿಡಬಹುದು. ಫೋನ್ ಕಳೆದುಹೋಗಿ ಅದರ ಜೊತೆಗೆ ಎರಡನೇ ಹಂತದ ಕೋಡ್ ಬರುವ ಆ್ಯಪ್ ಕೂಡ ಹೋಗಬಹುದು. ಕೆಲಸ ಬಿಟ್ಟ ದಿನವೇ ಆಫೀಸಿನ ವಿಳಾಸ ಮುಚ್ಚಿಹೋಗುತ್ತದೆ, ಓದು ಮುಗಿದ ಮೇಲೆ ಕಾಲೇಜಿನದ್ದೂ ಯಾವತ್ತಾದರೂ ಹೋಗುತ್ತದೆ. ಸುಮ್ನೆ ಬಳಸದೆ ಬಿಟ್ಟರೂ ಸಾಕು: ಎರಡು ವರ್ಷ ಮುಟ್ಟದೆ ಬಿಟ್ಟ ವೈಯಕ್ತಿಕ ಅಕೌಂಟ್‌ಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ, ಯಾಹೂ ಅಂತೂ 12 ತಿಂಗಳು ಮಾತ್ರ ಕಾಯುತ್ತದೆ. ಇನ್ನು ಕಂಪನಿಯ ಯಂತ್ರವೇ ನಮ್ಮನ್ನು ನೋಡಿ ಅನುಮಾನಪಟ್ಟು ಬಾಗಿಲು ಹಾಕುವುದು ಬೇರೆ. ನನ್ನ ಪರಿಚಯದವರೊಬ್ಬರಿಗೆ ಹಾಗೇ ಆಯಿತು. ಯಾವ ನಿಯಮ ಮೀರಿದರು ಅಂತ ಅವರಿಗೆ ಕೊನೆವರೆಗೂ ತಿಳಿಯಲಿಲ್ಲ. ಒಂದು ಫಾರ್ಮ್ ತುಂಬಿದರೆ ಇನ್ನೊಂದು ಫಾರ್ಮ್, ಅದಕ್ಕೊಂದು ರೆಡಿಮೇಡ್ ಉತ್ತರ. ಮನುಷ್ಯರು ಯಾರಾದರೂ ಅದನ್ನು ಓದಿದರಾ ಅನ್ನುವುದೇ ಸಂಶಯ. ಹಳೇ ಮೇಲ್ ಹೋದದ್ದಕ್ಕಿಂತ ಅವರನ್ನು ಜಾಸ್ತಿ ಕಾಡಿದ್ದು ಬೇರೆ ಎಲ್ಲ ಸೈಟ್‌ಗಳ ಪಾಸ್‌ವರ್ಡ್ ರೀಸೆಟ್ ಲಿಂಕ್‌ಗಳು ಅದೇ ವಿಳಾಸಕ್ಕೆ ಹೋಗುತ್ತಿದ್ದುದು.

ಹಾಗಾಗಿ ಬ್ಯಾಕಪ್ ಅಂತ ಯಾರು ಏನು ತೋರಿಸಿದರೂ ನಾನು ಕೇಳುವುದು ಒಂದೇ ಪ್ರಶ್ನೆ. ಇವತ್ತು ಸಂಜೆಯಿಂದ ಈ ಅಕೌಂಟ್ ಇಲ್ಲ ಅಂದುಕೊಳ್ಳಿ. ಆಗ ಈ ಕಾಪಿ ತೆರೆಯುತ್ತದಾ?

ಈ ಪ್ರಶ್ನೆ ಹಿಡಿದು ನೋಡಿದರೆ ನಾವು ಬ್ಯಾಕಪ್ ಅಂದುಕೊಂಡಿರುವ ಬಹಳಷ್ಟು ಬ್ಯಾಕಪ್ಪೇ ಅಲ್ಲ ಅಂತ ಗೊತ್ತಾಗುತ್ತದೆ. ಫೋನಿನ ಆ್ಯಪ್‌ನಲ್ಲಿ ಮೇಲ್ ಕಾಣುತ್ತದೆ ನಿಜ, ಆದರೆ ಅಲ್ಲಿರುವುದು ಇತ್ತೀಚಿನ ಕೆಲವು ದಿನಗಳದ್ದು ಮಾತ್ರ, ಅಕೌಂಟ್ ಸೈನ್ ಔಟ್ ಆದ ಕ್ಷಣ ಅದೂ ಹೋಗುತ್ತದೆ. ಎಲ್ಲ ಮೇಲ್‌ಗಳನ್ನು ಡೌನ್‌ಲೋಡ್ ಮಾಡಿ ಅದೇ ಅಕೌಂಟ್‌ನ ಡ್ರೈವ್‌ನಲ್ಲಿ ಇಟ್ಟವರಿದ್ದಾರೆ. ಬೀರುವಿನ ಕೀಲಿಕೈಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ಹಾಕಿದ ಹಾಗೆ. ಇನ್ನೊಂದು ವಿಳಾಸಕ್ಕೆ ಎಲ್ಲವೂ ಫಾರ್ವರ್ಡ್ ಆಗುವಂತೆ ಮಾಡಿಟ್ಟವರೂ ಇದ್ದಾರೆ. ಅದು ಸ್ವಲ್ಪ ಪರವಾಗಿಲ್ಲ, ಆದರೆ ಫಾರ್ವರ್ಡ್ ಆಗುವುದು ಇನ್ನು ಮುಂದೆ ಬರುವ ಮೇಲ್ ಮಾತ್ರ. ಹಳೆಯದೂ ಇಲ್ಲ, ನಾವು ಕಳಿಸಿದ್ದೂ ಇಲ್ಲ. ಮೇಲಾಗಿ ಆ ಎರಡನೇ ವಿಳಾಸದ ರಿಕವರಿ ಮೇಲ್ ಯಾವುದು ಅಂತ ನೋಡಿದರೆ ಸಾಮಾನ್ಯವಾಗಿ ಮೊದಲನೇ ವಿಳಾಸವೇ ಇರುತ್ತದೆ.

ಕಂಪ್ಯೂಟರ್‌ನಲ್ಲಿ ಥಂಡರ್‌ಬರ್ಡ್ ಅಥವಾ ಔಟ್‌ಲುಕ್ ಅನ್ನುವ ಮೇಲ್ ಪ್ರೋಗ್ರಾಂ ಹಾಕಿಕೊಂಡವರು "ನನ್ನ ಹತ್ತಿರ ಎಲ್ಲ ಇದೆ" ಅನ್ನುವುದುಂಟು. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಇಂಥ ಪ್ರೋಗ್ರಾಂ ಸರ್ವರ್ ಜೊತೆ ಮಾತಾಡಲು ಈಗ ಎಲ್ಲರೂ ಬಳಸುವ ಪದ್ಧತಿ ಐಮ್ಯಾಪ್. ಮಾರ್ಕ್ ಕ್ರಿಸ್ಪಿನ್ ಅನ್ನುವವರು 1986ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ರೂಪಿಸಿದ್ದು. ಅದರಲ್ಲಿ ಸರ್ವರ್‌ನಲ್ಲಿ ಇರುವುದೇ ಅಸಲಿ, ನಮ್ಮ ಕಂಪ್ಯೂಟರ್‌ನಲ್ಲಿ ಇರುವುದು ಅದನ್ನೇ ನೋಡಿ ನೋಡಿ ಬದಲಾಗುವ ನಕಲು. ಸರ್ವರ್‌ನಲ್ಲಿ ಒಂದು ಮೇಲ್ ಅಳಿದರೆ ಇಲ್ಲೂ ಅಳಿಯುತ್ತದೆ. ಒಳಗೆ ನುಗ್ಗಿದವನು ಇಡೀ ಇನ್‌ಬಾಕ್ಸ್ ಖಾಲಿ ಮಾಡಿದರೆ, ನಮ್ಮ ಕಂಪ್ಯೂಟರ್ ಮುಂದಿನ ಸಲ ನೆಟ್‌ಗೆ ಸೇರಿದಾಗ ಬಹಳ ವಿಧೇಯವಾಗಿ ಅದೇ ಕೆಲಸ ಮಾಡುತ್ತದೆ. ಸಿಂಕ್ ಅಂದರೆ ಅದೇ ತಾನೇ. ಹಳೇ ಪಾಪ್ ಪದ್ಧತಿ ಈ ವಿಷಯದಲ್ಲಿ ಒರಟು, ಆದರೆ ಪ್ರಾಮಾಣಿಕ: ಸರ್ವರ್‌ಗೆ ಹೋಗಿ ಮೇಲ್ ತಂದು ಇಲ್ಲಿ ಇಡುತ್ತದೆ, ಆಮೇಲೆ ಅಲ್ಲಿ ಏನಾದರೂ ಇದು ಲೆಕ್ಕಿಸುವುದಿಲ್ಲ. ಆದರೆ ಪಾಪ್‌ಗೆ ಫೋಲ್ಡರ್ ಅಂದರೆ ಏನು ಅಂತಲೇ ಗೊತ್ತಿಲ್ಲ, ಮತ್ತು "ಸರ್ವರ್‌ನಲ್ಲಿ ಕಾಪಿ ಬಿಡು" ಅನ್ನುವ ಟಿಕ್ ಹಾಕದಿದ್ದರೆ ಅಲ್ಲಿರುವುದನ್ನು ಅಳಿಸಿಬಿಡುವ ಸಾಧ್ಯತೆಯೂ ಇದೆ.

ಥಂಡರ್‌ಬರ್ಡ್ ಇದ್ದವರಿಗೆ ಸುಲಭ ದಾರಿ ಇದೆ. ಎಡಗಡೆ ಪಟ್ಟಿಯಲ್ಲಿ, ಅಕೌಂಟ್‌ಗಳ ಕೆಳಗೆ, ಲೋಕಲ್ ಫೋಲ್ಡರ್ಸ್ ಅಂತ ಒಂದು ಇರುತ್ತದೆ. ಅದಕ್ಕೂ ಸರ್ವರ್‌ಗೂ ಸಂಬಂಧ ಇಲ್ಲ. ಅಕೌಂಟ್‌ನ ಮೇಲ್‌ಗಳನ್ನು ಆರಿಸಿ ಅಲ್ಲಿಗೆ ಕಾಪಿ ಮಾಡಿದರೆ ಅವು ನಿಮ್ಮವು. ಕಾಪಿ ಅಂದೆ, ಮೂವ್ ಅಲ್ಲ. ಬಲಗಡೆ ಬಟನ್ ಒತ್ತಿದಾಗ ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ, ಮೂವ್ ಒತ್ತಿದರೆ ಸರ್ವರ್‌ನಿಂದ ಕಿತ್ತು ಇಲ್ಲಿಗೆ ತಂದುಬಿಡುತ್ತದೆ. ಜಿಮೇಲ್ ಆದರೆ ಪ್ರತಿ ಫೋಲ್ಡರ್ ಕಾಪಿ ಮಾಡುತ್ತಾ ಕೂರಬೇಡಿ. ಅಲ್ಲಿ ಫೋಲ್ಡರ್ ಅನ್ನುವುದೇ ಇಲ್ಲ, ಇರುವುದು ಲೇಬಲ್. ಒಂದು ಮೇಲ್‌ಗೆ ಮೂರು ಲೇಬಲ್ ಇದ್ದರೆ ಅದು ಮೂರು ಸಲ ಬರುತ್ತದೆ. ಆಲ್ ಮೇಲ್ ಅನ್ನುವ ಒಂದು ಪಟ್ಟಿಯನ್ನೇ ತೆಗೆದುಕೊಂಡರೆ ಸ್ಪ್ಯಾಮ್ ಮತ್ತು ಟ್ರ್ಯಾಶ್ ಬಿಟ್ಟು ಉಳಿದದ್ದೆಲ್ಲ ಬಂದ ಹಾಗೆ. ದೊಡ್ಡ ಮೇಲ್‌ಬಾಕ್ಸ್ ಇದ್ದರೆ ಒಂದೇ ದಿನದಲ್ಲಿ ಮುಗಿಯುವುದಿಲ್ಲ, ಏಕೆಂದರೆ ಐಮ್ಯಾಪ್ ಮೂಲಕ ದಿನಕ್ಕೆ 2,500 ಎಂಬಿ ಮಾತ್ರ ಇಳಿಸಲು ಜಿಮೇಲ್ ಬಿಡುತ್ತದೆ. ಮಧ್ಯದಲ್ಲಿ ನಿಂತಿತು ಅಂತ ಗಾಬರಿಯಾಗಿ ಮೊದಲಿಂದ ಶುರು ಮಾಡಿದರೆ ಅದೂ ಆ ಲೆಕ್ಕಕ್ಕೇ ಸೇರುತ್ತದೆ.

ಜಿಮೇಲ್‌ನವರಿಗೆ ಇನ್ನೂ ನೇರ ದಾರಿ ಅಂದರೆ ಟೇಕ್‌ಔಟ್, ಗೂಗಲ್‌ನಲ್ಲಿರುವ ನಮ್ಮ ಡೇಟಾವನ್ನು ಇಳಿಸಿಕೊಳ್ಳುವ ಪುಟ. 2011ರಿಂದ ಇದೆ, ಆದರೂ ಎಷ್ಟೋ ಜನರಿಗೆ ಇದು ಇರುವುದೇ ಗೊತ್ತಿಲ್ಲ. ಆ ಪುಟ ತೆರೆದ ತಕ್ಷಣ ಎಲ್ಲ ಸೇವೆಗಳಿಗೂ ಟಿಕ್ ಬಿದ್ದಿರುತ್ತದೆ, ಫೋಟೋ, ಮ್ಯಾಪ್, ಯೂಟ್ಯೂಬ್ ಎಲ್ಲ. ಮೊದಲು ಎಲ್ಲವನ್ನೂ ತೆಗೆದು ಮೇಲ್‌ಗೆ ಮಾತ್ರ ಟಿಕ್ ಹಾಕಿ. ಆಮೇಲೆ ಎಲ್ಲಿಗೆ ಕಳಿಸಲಿ ಅಂತ ಕೇಳುತ್ತದೆ. ಡ್ರೈವ್‌ಗೆ ಹಾಕು ಅನ್ನುವ ಆಯ್ಕೆ ಬೇಡ, ಯಾಕೆ ಅಂತ ಮೇಲೆ ಹೇಳಿದ್ದೇನೆ. ಲಿಂಕ್ ಕಳಿಸು ಅನ್ನಿ. ಫೈಲ್‌ನ ಗಾತ್ರ 50 ಜಿಬಿವರೆಗೆ ಆರಿಸಬಹುದು. ನೆಟ್ ಆಗಾಗ ಕೈಕೊಡುತ್ತದೆ ಅಂದರೆ ಚಿಕ್ಕ ತುಂಡುಗಳೇ ವಾಸಿ. ಕೆಲವು ಗಂಟೆಯಿಂದ ಕೆಲವು ದಿನ ಹಿಡಿಯಬಹುದು, ಆಮೇಲೆ ಲಿಂಕ್ ಬರುತ್ತದೆ, ಅದು ಸುಮಾರು ಒಂದು ವಾರ ಇರುತ್ತದೆ. ಎರಡು ತಿಂಗಳಿಗೊಮ್ಮೆ ಒಂದು ವರ್ಷದ ತನಕ ತಾನೇ ತಯಾರಾಗುವಂತೆಯೂ ಮಾಡಬಹುದು. ಆದರೆ ಡೌನ್‌ಲೋಡ್ ಮಾಡುವ ಕೆಲಸ ಮಾತ್ರ ನಮ್ಮದೇ. ಲಿಂಕ್ ಬಂದು ಹೋಯಿತು ಅಂದರೆ ಬ್ಯಾಕಪ್ ಆಯಿತು ಅಂತ ಅರ್ಥವಲ್ಲ.

ಇದರ ಇನ್ನೊಂದು ಮುಖವೂ ನೆನಪಿರಲಿ. ನಮಗೆ ಇಷ್ಟು ಸುಲಭ ಅಂದರೆ ನಮ್ಮ ಅಕೌಂಟ್‌ಗೆ ನುಗ್ಗಿದವನಿಗೂ ಅಷ್ಟೇ ಸುಲಭ. ನೀವು ಕೇಳದೇ ಇದ್ದಾಗ "ನಿಮ್ಮ ಡೇಟಾ ಎಕ್ಸ್‌ಪೋರ್ಟ್‌ಗೆ ಕೋರಿಕೆ ಬಂದಿದೆ" ಅಂತ ನೋಟಿಸ್ ಬಂದರೆ ಅದನ್ನು ನಾಳೆ ನೋಡೋಣ ಅಂತ ಬಿಡಬೇಡಿ. ಆದರೆ ಆ ನೋಟಿಸ್‌ನಲ್ಲಿರುವ ಲಿಂಕನ್ನೂ ಒತ್ತಬೇಡಿ, ಅದೇ ಬಲೆಯಾಗಿರಬಹುದು. ನೀವೇ ಬೇರೆ ಟ್ಯಾಬ್‌ನಲ್ಲಿ ಅಕೌಂಟ್ ತೆರೆದು ನೋಡಿ.

ಟೇಕ್‌ಔಟ್‌ನ ಜಿಪ್ ಬಿಚ್ಚಿದರೆ ಒಳಗೆ ಸಿಗುವುದು ಎಂಬಾಕ್ಸ್ ಅನ್ನುವ ಫೈಲ್. ಯುನಿಕ್ಸ್ ಕಾಲದ ಪದ್ಧತಿ. ಇಷ್ಟು ವರ್ಷದ ಮೇಲ್‌ಗಳೆಲ್ಲ ಒಂದರ ಹಿಂದೆ ಒಂದು ಅಂಟಿಕೊಂಡು ಒಂದೇ ಫೈಲ್ ಆಗಿರುತ್ತವೆ. ಹಲವು ಜಿಬಿ ಇರುವ ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಲು ಹೋದರೆ ಕಂಪ್ಯೂಟರ್ ಅಲ್ಲೇ ನಿಂತುಬಿಡಬಹುದು. ಒಂದು ಚಿಕ್ಕ ಲೇಬಲ್‌ನದ್ದನ್ನು ಬೇಕಾದರೆ ತೆರೆದು ನೋಡಿ, ಚೆನ್ನಾಗಿರುತ್ತದೆ. ಪ್ರತಿ ಮೇಲ್ ಶುರುವಾಗುವುದು ಇಂಗ್ಲಿಷಿನ ಫ್ರಮ್ ಅನ್ನುವ ಪದದಿಂದ. ಹೊಸ ಮೇಲ್ ಎಲ್ಲಿ ಶುರುವಾಯಿತು ಅಂತ ಪ್ರೋಗ್ರಾಂಗೆ ಗೊತ್ತಾಗಲು ಅದೊಂದೇ ಗುರುತು. ಹಾಗಾದರೆ ಮೇಲ್‌ನ ಒಳಗೇ ಯಾರಾದರೂ ಆ ಪದದಿಂದ ಸಾಲು ಶುರು ಮಾಡಿದ್ದರೆ? ಅದರ ಮುಂದೆ ಒಂದು ಬಾಣದ ಗುರುತು ಹಾಕಿ ಬಚಾವಾಗುತ್ತಾರೆ. ಅದಕ್ಕೇ ಹಳೇ ಮೇಲ್‌ಗಳಲ್ಲಿ ಆಗಾಗ ಎಲ್ಲಿಂದಲೋ ಬಂದ ಒಂದು ಬಾಣ ಕಾಣಿಸುವುದು.

ಅದರ ಕೆಳಗೆ ಯಾವ ಸರ್ವರ್‌ನಿಂದ ಯಾವ ಸರ್ವರ್‌ಗೆ ಎಷ್ಟು ಹೊತ್ತಿಗೆ ಬಂತು ಅನ್ನುವ ಪೂರ್ತಿ ಜಾತಕ, ಜಿಮೇಲ್ ಆದರೆ ಆ ಮೇಲ್‌ಗೆ ಇದ್ದ ಲೇಬಲ್‌ಗಳ ಹೆಸರು. ಕನ್ನಡದಲ್ಲಿ ಬರೆದ ಮೇಲ್ ಆದರೆ ಆಮೇಲೆ ಬರುವುದು ಒಂದೂ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ. ನೋಡಿದವರು ಫೈಲ್ ಹಾಳಾಗಿದೆ ಅಂದುಕೊಳ್ಳಬೇಕು. ಹಾಳಾಗಿಲ್ಲ, ಬೇಸ್64 ಅನ್ನುವ ಪದ್ಧತಿಯಲ್ಲಿ ಬರೆದಿದೆ ಅಷ್ಟೇ. ಮೇಲ್ ಹುಟ್ಟಿದ್ದು ಇಂಗ್ಲಿಷ್ ಅಕ್ಷರ ಬಿಟ್ಟು ಬೇರೇನೂ ಸಾಗದ ಕಾಲದಲ್ಲಿ, ಹಾಗಾಗಿ ಕನ್ನಡವೂ ಫೋಟೋವೂ ಪಿಡಿಎಫ್ಪೂ ಆ ವೇಷ ಹಾಕಿಕೊಂಡೇ ಓಡಾಡುತ್ತವೆ. ಆ ವೇಷದಲ್ಲಿ ಮೂರು ಬೈಟ್ ನಾಲ್ಕಾಗುತ್ತದೆ. 3 ಎಂಬಿ ಫೋಟೋ ಅಟ್ಯಾಚ್ ಮಾಡಿದರೆ ಎಂಬಾಕ್ಸ್‌ನಲ್ಲಿ ಅದು 4 ಎಂಬಿಗಿಂತ ಸ್ವಲ್ಪ ಜಾಸ್ತಿಯೇ ಜಾಗ ತಿನ್ನುತ್ತದೆ. ಬ್ಯಾಕಪ್ ಯಾಕೆ ಇಷ್ಟು ದಪ್ಪ ಅನ್ನುವವರಿಗೆ ಅರ್ಧ ಉತ್ತರ ಇದು. ಎಂಬಾಕ್ಸ್ ಬಗ್ಗೆ ನನಗೆ ಇಷ್ಟ ಆಗುವುದೂ ಇದೇ, ಯಾವ ಕಂಪನಿಯ ಬೀಗವೂ ಅದಕ್ಕಿಲ್ಲ, ಬರೀ ಪಠ್ಯ, ಇನ್ನು ಮೂವತ್ತು ವರ್ಷ ಬಿಟ್ಟು ಹೊಸದಾಗಿ ಒಂದು ಪ್ರೋಗ್ರಾಂ ಬರೆದಾದರೂ ಓದಬಹುದು. ಔಟ್‌ಲುಕ್‌ನ ಪಿಎಸ್‌ಟಿ ಫೈಲ್ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ. ಓದುವುದಕ್ಕೆ ಥಂಡರ್‌ಬರ್ಡ್‌ಗೆ ಇಂಪೋರ್ಟ್‌ಎಕ್ಸ್‌ಪೋರ್ಟ್‌ಟೂಲ್ಸ್ ಎನ್‌ಜಿ ಅನ್ನುವ ಆ್ಯಡ್-ಆನ್ ಹಾಕಿಕೊಂಡರೆ ಈ ಎಂಬಾಕ್ಸ್ ಲೋಕಲ್ ಫೋಲ್ಡರ್ಸ್ ಒಳಗೆ ಬಂದು ಕೂರುತ್ತದೆ, ಮಾಮೂಲಿ ಮೇಲ್ ತರಹವೇ ಹುಡುಕಬಹುದು.

ಅದರಲ್ಲಿ ಏನು ಇರುವುದಿಲ್ಲ ಅನ್ನುವುದನ್ನೂ ನೋಡಿಕೊಳ್ಳಿ. ಜಿಮೇಲ್‌ನಲ್ಲಿ 25 ಎಂಬಿಗಿಂತ ದೊಡ್ಡ ಫೈಲ್ ಕಳಿಸಿದರೆ ಅದು ಅಟ್ಯಾಚ್‌ಮೆಂಟ್ ಆಗಿ ಹೋಗುವುದಿಲ್ಲ, ಡ್ರೈವ್‌ನ ಲಿಂಕ್ ಆಗಿ ಹೋಗುತ್ತದೆ. ಬ್ಯಾಕಪ್‌ನಲ್ಲಿ ಉಳಿಯುವುದು ಆ ಲಿಂಕ್ ಮಾತ್ರ. ಮದುವೆ ಫೋಟೋ ಬಂದಿತ್ತು ಅಂತ ನೆನಪಿಟ್ಟುಕೊಂಡು ತೆರೆದರೆ ಕಾಣುವುದು ನೀಲಿ ಅಕ್ಷರದ ಒಂದು ಸಾಲು, ಕಳಿಸಿದವರು ತಮ್ಮ ಡ್ರೈವ್‌ನಿಂದ ಯಾವತ್ತೋ ಅಳಿಸಿರುತ್ತಾರೆ. ಜಾಹೀರಾತು ಮೇಲ್‌ಗಳ ಚಿತ್ರಗಳೂ ಅಷ್ಟೇ, ಅವು ಕಳಿಸಿದವರ ಸರ್ವರ್‌ನಲ್ಲೇ ಇರುತ್ತವೆ, ಹೋದರೆ ಹೋಗಲಿ. ಕಾಂಟ್ಯಾಕ್ಟ್‌ಗಳನ್ನೂ ಕ್ಯಾಲೆಂಡರ್ ಅನ್ನೂ ಬೇರೆಯಾಗಿಯೇ ಇಳಿಸಿಕೊಳ್ಳಬೇಕು. ಸ್ಪ್ಯಾಮ್‌ನಲ್ಲೂ ಟ್ರ್ಯಾಶ್‌ನಲ್ಲೂ ಇರುವುದು 30 ದಿನಕ್ಕೆ ಅಳಿದುಹೋಗುತ್ತದೆ.

ಇನ್ನು ಬೇರೆ ಬೇರೆ ಟೂಲ್‌ಗಳ ಮಾತು. ನೆಟ್‌ನಲ್ಲಿ ಹುಡುಕಿದರೆ "ಒಂದೇ ಕ್ಲಿಕ್‌ನಲ್ಲಿ ಮೇಲ್ ಬ್ಯಾಕಪ್" ಅನ್ನುವ ಪ್ರೋಗ್ರಾಂಗಳು ಬೇಕಾದಷ್ಟು ಸಿಗುತ್ತವೆ. ಒಳ್ಳೆಯವೂ ಇವೆ, ವಿಂಡೋಸ್‌ನಲ್ಲಿ ಮನೆ ಬಳಕೆಗೆ ಮೇಲ್‌ಸ್ಟೋರ್ ಹೋಮ್ ಉಚಿತ, ಕಮಾಂಡ್ ಲೈನ್ ಅಂದರೆ ಹೆದರದವರಿಗೆ ಎಂಬಿಸಿಂಕ್ ಇದೆ. ಆದರೆ ಯಾವುದೇ ಪ್ರೋಗ್ರಾಂ ತನ್ನದೇ ಡಬ್ಬಿಯಲ್ಲಿ ನಿಮ್ಮ ಮೇಲ್‌ನ ಅಸಲಿ ಪಾಸ್‌ವರ್ಡ್ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ವೈಯಕ್ತಿಕ ಅಕೌಂಟ್‌ಗಳಿಗೆ ಬರೀ ಹೆಸರು ಮತ್ತು ಪಾಸ್‌ವರ್ಡ್ ಹಿಡಿದು ಹೊರಗಿನ ಆ್ಯಪ್ ಒಳಗೆ ಬರುವುದನ್ನು ಗೂಗಲ್ 2022ರ ಮೇ ಕೊನೆಯಲ್ಲೇ ನಿಲ್ಲಿಸಿತು. ಈಗ ಸರಿಯಾದ ಪ್ರೋಗ್ರಾಂ ಆದರೆ ಗೂಗಲ್‌ನ ಸೈನ್ ಇನ್ ಪುಟವನ್ನೇ ತೆರೆಯುತ್ತದೆ, ಪಾಸ್‌ವರ್ಡ್ ಅಲ್ಲಿ ಕೊಡುತ್ತೇವೆ, ಪ್ರೋಗ್ರಾಂಗೆ ಸಿಗುವುದು ಒಂದು ಟೋಕನ್, ಅಂದರೆ ಅನುಮತಿ ಚೀಟಿ, ಮಾತ್ರ. ಬೇಡ ಅನಿಸಿದ ದಿನ ಅದನ್ನು ರದ್ದು ಮಾಡಬಹುದು. ಅಥವಾ ಆ ಪ್ರೋಗ್ರಾಂಗೆಂದೇ ಒಂದು ಆ್ಯಪ್ ಪಾಸ್‌ವರ್ಡ್ ಮಾಡಿಕೊಡಬಹುದು. ಕೆಲಸ ಮುಗಿದ ಮೇಲೆ ಅಕೌಂಟ್‌ನ ಸೆಟ್ಟಿಂಗ್ಸ್‌ನಲ್ಲಿ ಯಾರ್ಯಾರಿಗೆ ಅನುಮತಿ ಇದೆ ಅನ್ನುವ ಪಟ್ಟಿ ನೋಡಿ. ಯಾವುದೋ ಕಾಲದಲ್ಲಿ ಒಂದು ಆಟಕ್ಕೆ ಕೊಟ್ಟ ಅನುಮತಿ ಇನ್ನೂ ಅಲ್ಲಿ ಹಾಯಾಗಿ ಕೂತಿರಬಹುದು. ನಿಮ್ಮ ಇಡೀ ಮೇಲ್‌ಬಾಕ್ಸ್ ತಮ್ಮ ಕ್ಲೌಡ್‌ಗೆ ತೆಗೆದುಕೊಂಡು ಹೋಗಿ ಕಾಪಾಡುತ್ತೇವೆ ಅನ್ನುವ ಸೇವೆಗಳನ್ನು ನಾನು ಬಳಸುವುದಿಲ್ಲ. ಒಂದು ಕಡೆ ಕಾವಲು ಕಾಯುವುದೇ ಕಷ್ಟ, ಎರಡನೆಯದನ್ನು ನಾನೇ ಯಾಕೆ ಹುಟ್ಟುಹಾಕಲಿ?

ಈಗ ಬರುವುದು ನನ್ನ ಪ್ರಕಾರ ಜನ ಯೋಚಿಸದೇ ಬಿಡುವ ಭಾಗ. ಡೌನ್‌ಲೋಡ್ ಮುಗಿಯಿತು, ಎಂಬಾಕ್ಸ್ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಇದೆ. ಆ ಕ್ಷಣದಲ್ಲಿ ನಿಮ್ಮ ಕಂಪ್ಯೂಟರ್‌ನಲ್ಲಿ ಇರುವ ಅತಿ ಅಪಾಯದ ಫೈಲ್ ಅದೇ. ಸರ್ವರ್‌ನಲ್ಲಿ ಇದ್ದಾಗ ಅದಕ್ಕೆ ಪಾಸ್‌ವರ್ಡ್ ಇತ್ತು, ಎರಡನೇ ಹಂತದ ಕೋಡ್ ಇತ್ತು, ಹೊಸ ಜಾಗದಿಂದ ಯಾರಾದರೂ ಬಂದರೆ ಎಚ್ಚರಿಸುವ ವ್ಯವಸ್ಥೆ ಇತ್ತು. ಈಗ ಏನೂ ಇಲ್ಲ. ನಂಬದಿದ್ದರೆ ನಿಮ್ಮ ಮೇಲ್‌ನಲ್ಲಿ ಪಾಸ್‌ವರ್ಡ್ ಅನ್ನುವ ಪದ ಹುಡುಕಿ ನೋಡಿ. ಆಮೇಲೆ ಸ್ಟೇಟ್‌ಮೆಂಟ್, ಸ್ಕ್ಯಾನ್, ಪಾಸ್‌ಪೋರ್ಟ್, ರಿಪೋರ್ಟ್. ಸಾಲಕ್ಕೆ ಅರ್ಜಿ ಹಾಕಿದಾಗ ಕಳಿಸಿದ ದಾಖಲೆಗಳು, ಡಾಕ್ಟರ್‌ಗೆ ಕಳಿಸಿದ ರಕ್ತ ಪರೀಕ್ಷೆ, ಸಹಿ ಮಾಡಿದ ಕರಾರು, ಎಲ್ಲ ಒಂದೇ ಫೈಲ್‌ನಲ್ಲಿ ಸಾಲಾಗಿ ಸಿಗುತ್ತವೆ. ಕಳ್ಳನಿಗೆ ಒಳಗೆ ನುಗ್ಗಿ ಹುಡುಕುವ ಶ್ರಮವೂ ಉಳಿಯಿತು.

ಹಾಗಾಗಿ ಕಾಪಿ ಮಾಡುವುದೂ ಬೀಗ ಹಾಕುವುದೂ ಒಂದೇ ಕೆಲಸ, ಎರಡಲ್ಲ. ಮೊದಲು ಬೀಗವಿರುವ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಿದ, ಒಂದು ಹಾರ್ಡ್ ಡ್ರೈವ್ (ಗೂಗಲ್ ಡ್ರೈವ್ ಅಲ್ಲ) ತಯಾರು ಮಾಡಿಕೊಳ್ಳಿ, ಆಮೇಲೆ ಡೌನ್‌ಲೋಡ್ ಅನ್ನು ನೇರ ಅದರೊಳಕ್ಕೇ ಕಳಿಸಿ. ಉಲ್ಟಾ ಮಾಡಿದರೆ ಬೀಗವಿಲ್ಲದ ಒಂದು ಕಾಪಿ ಡೌನ್‌ಲೋಡ್ಸ್‌ನಲ್ಲೋ ರೀಸೈಕಲ್ ಬಿನ್‌ನಲ್ಲೋ ಉಳಿದುಬಿಡುತ್ತದೆ, ಎಸ್ಎಸ್‌ಡಿ ಆದರೆ ಅಳಿಸಿದ ಮೇಲೂ ಪೂರ್ತಿ ಹೋಯಿತು ಅಂತ ಖಾತ್ರಿ ಕೊಡಲು ಆಗುವುದಿಲ್ಲ. ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್, ಲಿನಕ್ಸ್‌ನಲ್ಲಿ ಲಕ್ಸ್ ಇದೆ. ಯಾವ ಕಂಪ್ಯೂಟರ್‌ನಲ್ಲಾದರೂ ತೆರೆಯಬೇಕು ಅಂದರೆ ವೆರಾಕ್ರಿಪ್ಟ್ ಒಳ್ಳೆಯದು, ಮೂರರಲ್ಲೂ ನಡೆಯುತ್ತದೆ. ಅಷ್ಟು ತಲೆನೋವು ಬೇಡ ಅನ್ನುವವರು ಕಂಪ್ಯೂಟರ್‌ಗಾದರೂ ಮೊದಲು ಎನ್‌ಕ್ರಿಪ್ಷನ್ ಹಾಕಿಕೊಂಡು, 7-ಜಿಪ್‌ನಲ್ಲಿ ಎಇಎಸ್-256 ಆರಿಸಿ, ಫೈಲ್ ಹೆಸರುಗಳನ್ನೂ ಮರೆಮಾಡು ಅನ್ನುವ ಟಿಕ್ ಹಾಕಿದರೆ ತಕ್ಕಮಟ್ಟಿಗೆ ಆಯಿತು. ಹಳೇ ಜಿಪ್‌ನ ಪಾಸ್‌ವರ್ಡ್ ಪದ್ಧತಿ ಮಾತ್ರ ಬೇಡ, ಅದನ್ನು ಮುರಿಯುವುದು ಕಷ್ಟವೇನಲ್ಲ.

ಪಾಸ್‌ವರ್ಡ್ ಎಲ್ಲಿಡುವುದು? ಮತ್ತೆ ಅದೇ ಪ್ರಶ್ನೆ ಕೇಳಿಕೊಳ್ಳಿ: ಅಕೌಂಟ್ ಹೋದ ಮೇಲೆ ಸಿಗುತ್ತದಾ? ತನಗೆ ತಾನೇ ಮೇಲ್ ಮಾಡಿಕೊಂಡ ಪಾಸ್‌ವರ್ಡ್ ಸಿಗುವುದಿಲ್ಲ. ಆ ಮೇಲ್‌ನಿಂದಲೇ ರೀಸೆಟ್ ಆಗುವ ಪಾಸ್‌ವರ್ಡ್ ಮ್ಯಾನೇಜರ್ ಕೂಡ ಅನುಮಾನವೇ. ಬಿಟ್‌ಲಾಕರ್‌ನ ರಿಕವರಿ ಕೀಯನ್ನು ವಿಂಡೋಸ್ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇಡಲು ಹೇಳುತ್ತದೆ, ಅನುಕೂಲವೇ, ಆದರೆ ಆ ಅಕೌಂಟ್‌ನ ಲಾಗಿನ್ ಯಾವ ಮೇಲ್ ವಿಳಾಸದ್ದು ಅಂತ ನೋಡಿದ್ದೀರಾ? ಈ ಸುತ್ತು ಎಲ್ಲೆಲ್ಲೋ ಅಡಗಿರುತ್ತದೆ. ಸ್ವಂತ ಡೊಮೇನ್ (ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು) ಕೊಂಡು ಅದರಲ್ಲಿ ಮೇಲ್ ಇಟ್ಟುಕೊಂಡವರು ಬಹಳ ಜಾಣರು, ಕಂಪನಿ ಬದಲಾದರೂ ವಿಳಾಸ ಅವರದ್ದೇ. ಆದರೆ ಡೊಮೇನ್ ಕೊಂಡ ಕಡೆ ಕೊಟ್ಟ ವಿಳಾಸವೂ ಅದೇ ಡೊಮೇನ್‌ನದ್ದಾಗಿದ್ದರೆ, ನವೀಕರಿಸಿ ಅನ್ನುವ ಮೇಲ್ ತಪ್ಪಿಹೋಗಿ ಡೊಮೇನ್ ನಿಂತ ಮೇಲೆ ಪಾಸ್‌ವರ್ಡ್ ರೀಸೆಟ್ ಲಿಂಕ್ ಎಲ್ಲಿಗೆ ಬರಬೇಕು? ನನ್ನ ಉತ್ತರ ಕಾಗದ. ನಾಲ್ಕೈದು ಸಂಬಂಧವಿಲ್ಲದ ಪದಗಳ ಉದ್ದನೆಯ ಪಾಸ್‌ವರ್ಡ್, ಪೆನ್ನಿನಲ್ಲಿ ಬರೆದದ್ದು, ಡ್ರೈವ್ ಇರುವ ಜಾಗದಲ್ಲಿ ಅಲ್ಲ, ಬೇರೆ ಕಡೆ. ಜಿಮೇಲ್ ಕೊಡುವ ಬ್ಯಾಕಪ್ ಕೋಡ್‌ಗಳನ್ನೂ, ಎಂಟು ಅಂಕಿಯ ಹತ್ತು ಕೋಡ್‌ಗಳು, ಅದೇ ಕಾಗದಕ್ಕೆ ಸೇರಿಸಬಹುದು. ಕಾಗದವನ್ನು ದೂರದ ದೇಶದಿಂದ ಯಾರೂ ಹ್ಯಾಕ್ ಮಾಡಲಾರರು.

ಎಷ್ಟು ಕಾಪಿ ಬೇಕು ಅನ್ನುವುದಕ್ಕೆ 3-2-1 ಅನ್ನುವ ಸೂತ್ರ ಇದೆ. ಮೂರು ಕಾಪಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಪೀಟರ್ ಕ್ರೋಗ್ ಅನ್ನುವ ಫೋಟೋಗ್ರಾಫರ್ ಇದನ್ನು ಜನಪ್ರಿಯ ಮಾಡಿದ್ದು. ಸರ್ವರ್‌ನಲ್ಲಿ ಇರುವುದನ್ನು ಒಂದು ಅಂತ ಲೆಕ್ಕ ಹಾಕಿದರೆ, ನಮ್ಮ ಹತ್ತಿರ ಎರಡು ಡ್ರೈವ್, ಅದರಲ್ಲಿ ಒಂದು ನಂಬಿಕೆಯವರ ಮನೆಯಲ್ಲಿ, ಅಷ್ಟು ಸಾಕು ಅಂತ ನನ್ನ ಅಭಿಪ್ರಾಯ. ಬೀಗ ಹಾಕಿರುವುದರಿಂದ ಕೊಡಲು ಅಳುಕೂ ಇರುವುದಿಲ್ಲ. ಕೆಲಸ ಮುಗಿದ ಮೇಲೆ ಡ್ರೈವ್ ಕಿತ್ತು ಇಡಿ, ಯಾವಾಗಲೂ ಸಿಕ್ಕಿಸಿಯೇ ಇದ್ದರೆ, ಫೈಲ್‌ಗಳನ್ನು ಒತ್ತೆ ಹಿಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದ ದಿನ ಅದೂ ಹೋಗುತ್ತದೆ. ಗೂಗಲ್‌ನ ಟೇಪ್ ಬಚಾವಾದದ್ದೂ ಸಂಪರ್ಕ ಇಲ್ಲದ್ದರಿಂದಲೇ. ಪೆನ್ ಡ್ರೈವ್ ಬೇಡ. ಫ್ಲ್ಯಾಶ್ ಮೆಮೊರಿ ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಒಳಗಿನ ಚಾರ್ಜ್ ಸೋರಿ ಡೇಟಾ ಹಾಳಾಗಬಹುದು. ಹೊಸ ಬ್ಯಾಕಪ್ ಮಾಡಿದಾಗ ಹಳೆಯದನ್ನು ತಕ್ಷಣ ಅಳಿಸಬೇಡಿ. ಹೋದ ವರ್ಷ ಯಾವುದೋ ಫಿಲ್ಟರ್ ತಪ್ಪಾಗಿ ಒಂದಷ್ಟು ಮೇಲ್ ಅಳಿದಿದ್ದರೆ ಹೊಸ ಬ್ಯಾಕಪ್‌ನಲ್ಲಿ ಅದು ಇರುವುದಿಲ್ಲ, ಹಳೆಯದರಲ್ಲಿ ಇರುತ್ತದೆ.

ತೆರೆದು ನೋಡದ ಬ್ಯಾಕಪ್ ಬರೀ ನಂಬಿಕೆ. ವೈಫೈ ಆಫ್ ಮಾಡಿ. ಸಾಧ್ಯವಾದರೆ ಬೇರೆ ಕಂಪ್ಯೂಟರ್‌ಗೆ ಡ್ರೈವ್ ಹಾಕಿ. ಕಾಗದದಲ್ಲಿ ಬರೆದ ಪಾಸ್‌ವರ್ಡ್ ನೋಡಿಕೊಂಡೇ ತೆರೆಯಿರಿ, ಆಗ ಬರೆಯುವಾಗ ಒಂದು ಅಕ್ಷರ ತಪ್ಪಿದ್ದರೂ ಗೊತ್ತಾಗುತ್ತದೆ. ತೀರಾ ಹಳೆಯದೊಂದು ಮೇಲ್, ಮಧ್ಯದ ವರ್ಷದ ಒಂದು ಅಟ್ಯಾಚ್‌ಮೆಂಟ್, ನೀವೇ ಕಳಿಸಿದ ಒಂದು, ಕನ್ನಡದಲ್ಲಿ ಸಬ್ಜೆಕ್ಟ್ ಇರುವ ಒಂದು. ಇವು ತೆರೆದರೆ ಬಹುಮಟ್ಟಿಗೆ ಎಲ್ಲ ಸರಿ ಇದೆ. ಒಟ್ಟು ಸಂಖ್ಯೆ ಹೋಲಿಸುವಾಗ ಜಿಮೇಲ್ ಪುಟದಲ್ಲಿ ಕಾಣುವ ಲೆಕ್ಕ ನೋಡಿ ಗಾಬರಿಯಾಗಬೇಡಿ. ಅಲ್ಲಿ ಒಂದು ಮಾತುಕತೆಯ ಎಲ್ಲ ಮೇಲ್‌ಗಳನ್ನು ಸೇರಿಸಿ ಒಂದು ಅಂತ ಎಣಿಸುತ್ತದೆ, ಎಂಬಾಕ್ಸ್‌ನಲ್ಲಿ ಪ್ರತಿಯೊಂದೂ ಬೇರೆ.

ಕೆಲವರು ಹೇಳುತ್ತಾರೆ, ಮೊದಲು ಬೇಡದ್ದನ್ನೆಲ್ಲ ಅಳಿಸಿ ಆಮೇಲೆ ಬ್ಯಾಕಪ್ ಮಾಡುತ್ತೇನೆ ಅಂತ. ಅದು ಮುಗಿಯದ ಕೆಲಸ, ಹಾಗಂತ ಮುಂದಕ್ಕೆ ಹಾಕಲು ಒಳ್ಳೆಯ ನೆಪ. 2004ರ ಏಪ್ರಿಲ್ 1ರಂದು ಜಿಮೇಲ್ ಬಂದಾಗ 1 ಜಿಬಿ ಜಾಗ ಕೊಟ್ಟಿತು, ಆ ಕಾಲಕ್ಕೆ ಅದು ಏಪ್ರಿಲ್ ಫೂಲ್ ತಮಾಷೆ ಅಂತಲೇ ಎಷ್ಟೋ ಜನ ಅಂದುಕೊಂಡಿದ್ದರು. ಅಳಿಸಬೇಡಿ, ಹುಡುಕಿಕೊಳ್ಳಿ ಅನ್ನುವ ಅಭ್ಯಾಸ ನಮಗೆ ಅಂಟಿದ್ದು ಅಲ್ಲಿಂದ. ಪತ್ರಗಳನ್ನು ಜನ ಆರಿಸಿ ಇಟ್ಟುಕೊಳ್ಳುತ್ತಿದ್ದರು. ಮೇಲ್‌ಗಳನ್ನು ನಾವು ಇಟ್ಟುಕೊಂಡಿಲ್ಲ, ಅವು ಉಳಿದುಬಿಟ್ಟಿವೆ. ನನಗೆ ಅದೇ ಇಷ್ಟ. ಆರಿಸಲು ಕೂತಿದ್ದರೆ "ತಲುಪಿದೆ, ಊಟ ಆಯ್ತಾ" ಅನ್ನುವ ಮೂರು ಪದದ ಮೇಲ್‌ಗಳನ್ನು ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ, ಈಗ ಓದಲು ಬೇಕೆನಿಸುವುದು ಅವೇ. ಕಸದ ಜೊತೆಗೇ ಪೂರ್ತಿ ತೆಗೆದುಕೊಳ್ಳಿ. ಡಿಸ್ಕ್‌ನ ಜಾಗಕ್ಕಿಂತ ನಿಮ್ಮ ಸಮಯದ ಬೆಲೆ ಜಾಸ್ತಿ.

ಬ್ಯಾಕಪ್ ಆಯಿತಲ್ಲ ಅಂತ ಸರ್ವರ್‌ನಲ್ಲಿ ಅಳಿಸಿ ಜಾಗ ಮಾಡಿಕೊಳ್ಳುವ ಆಸೆ ಬರುವುದು ಸಹಜ. ಗೂಗಲ್ ಕೊಡುವ ಉಚಿತ 15 ಜಿಬಿ ಮೇಲ್, ಡ್ರೈವ್, ಫೋಟೋ ಮೂರಕ್ಕೂ ಸೇರಿ, ತುಂಬಿತು ಅಂದರೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ. ಅಳಿಸಿ, ಬೇಡ ಅನ್ನುವುದಿಲ್ಲ. ಆದರೆ ಅಳಿಸಿದ ಕ್ಷಣದಿಂದ ನಿಮ್ಮ ಹಾರ್ಡ್ ಡ್ರೈವ್‌ನಲ್ಲಿ ಇರುವುದು ಬ್ಯಾಕಪ್ ಅಲ್ಲ, ಅದೇ ಅಸಲಿ, ಅದಕ್ಕೊಂದು ಬ್ಯಾಕಪ್ ಬೇಕು. ಎರಡನೇ ಡ್ರೈವ್ ತಯಾರಾಗುವ ತನಕ ಕೈ ಬಿಗಿಹಿಡಿಯಿರಿ.

ನಮ್ಮ ನಂತರ ಇದನ್ನು ಯಾರು ತೆರೆಯಬೇಕು ಅನ್ನುವುದು ಇನ್ನೊಂದು ಪ್ರಶ್ನೆ. ಗೂಗಲ್‌ನಲ್ಲಿ 2013ರಿಂದ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತ ಇದೆ. ಮೂರು ತಿಂಗಳಿಂದ ಹದಿನೆಂಟು ತಿಂಗಳವರೆಗೆ ನಮ್ಮ ಸುಳಿವಿಲ್ಲದಿದ್ದರೆ ನಾವು ಹೆಸರಿಸಿದವರಿಗೆ, ಹತ್ತು ಜನರ ತನಕ, ತಿಳಿಸುತ್ತದೆ, ಬೇಕಾದರೆ ಡೇಟಾವನ್ನೂ ಕೊಡುತ್ತದೆ. ಹಾಕಿಡುವುದು ಒಳ್ಳೆಯದು. ಡ್ರೈವ್ ವಿಷಯದಲ್ಲಿ ಅಷ್ಟು ನಾಜೂಕು ಇಲ್ಲ, ಕಾಗದ ಸಿಕ್ಕವರಿಗೆ ಎಲ್ಲವೂ ಸಿಕ್ಕಿತು. ಮತ್ತು ನನ್ನ ಮೇಲ್‌ಬಾಕ್ಸ್‌ನಲ್ಲಿ ಇರುವುದರಲ್ಲಿ ಅರ್ಧ ಬೇರೆಯವರು ಬರೆದದ್ದು. ನನ್ನನ್ನು ನಂಬಿ ತಮ್ಮ ಮನೆಯ ಜಗಳ, ಕಾಯಿಲೆ, ಸಾಲ ಎಲ್ಲ ಹೇಳಿಕೊಂಡವರು ಇದ್ದಾರೆ, ನನ್ನ ಮನೆಯವರು ಅದನ್ನು ಓದಲಿ ಅಂತ ಅವರು ಬರೆದಿರಲಿಲ್ಲ. ಹಾಗಾಗಿ ಕೆಲವು ಮೇಲ್‌ಗಳನ್ನು ಬ್ಯಾಕಪ್‌ನಿಂದ ತೆಗೆಯಬೇಕು ಅಂತ ನಿರ್ಧರಿಸಿದ್ದೇನೆ. ಹಾಗೆ ತೆಗೆಯುವವರಿಗೆ ಒಂದು ಮಾತು: ಥಂಡರ್‌ಬರ್ಡ್‌ನಲ್ಲಿ ಡಿಲೀಟ್ ಒತ್ತಿದರೆ ಮೇಲ್ ಮೊದಲು ಟ್ರ್ಯಾಶ್‌ಗೆ ಹೋಗುತ್ತದೆ, ಅಲ್ಲಿಂದ ಅಳಿಸಿದರೂ ಪಟ್ಟಿಯಿಂದ ಮರೆಯಾಗುವುದು ಮಾತ್ರ. ಎಂಬಾಕ್ಸ್ ಫೈಲ್‌ನಲ್ಲಿ ಅದು ಹಾಗೇ ಇರುತ್ತದೆ, ಫೋಲ್ಡರ್ ಮೇಲೆ ಬಲಗಡೆ ಬಟನ್ ಒತ್ತಿ ಕಾಂಪ್ಯಾಕ್ಟ್ ಮಾಡುವ ತನಕ. ಮಾಡಿದ ಮೇಲೂ ಆ ಎರಡನೇ ಡ್ರೈವ್‌ನಲ್ಲಿ, ಹೋದ ವರ್ಷದ ಕಾಪಿಯಲ್ಲಿ, ಅದು ಇದ್ದೇ ಇರುತ್ತದೆ.